ಮೆತ್ತನೆಯ ಕಾರ್ಕಿಗೆ ಹರಿತವಾದ ಅಲಗು

ಗಾಳದ ಕೋಲಿನ ಹಿಡಿ ಮಾಡುವವರ ಕೈಚಳಕದಲ್ಲಿ ವಿಜ್ಞಾನದ ಪಾಠವೂ ಇದೆ

ಕಲ್ಲನ್ನು ಕತ್ತರಿಸುವುದು ಕಷ್ಟವೋ, ಕಾರ್ಕನ್ನು ಕತ್ತರಿಸುವುದು ಕಷ್ಟವೋ? ಮೊಳಕಾಲ್ಮೂರಿನ ಮಕ್ಕಳ ಮುಂದೆ ಇಂಥ ಪ್ರಶ್ನೆ ಇಟ್ಟರೆ ಅವರು ನಕ್ಕುಬಿಟ್ಟಾರು. ಈ ತಾಲ್ಲೂಕಿನವರಿಗೆ ಕಲ್ಲಿನ ಗಟ್ಟಿತನವನ್ನು ಯಾರೂ ಹೇಳಿಕೊಡಬೇಕಿಲ್ಲ. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳ ಬಂಡೆಗಳ ಮೇಲೆ ಅಶೋಕನ ಕಾಲದಲ್ಲಿ ಕೊರೆದ ಅಕ್ಷರಗಳು ಎರಡು ಸಾವಿರದ ಇನ್ನೂರು ವರ್ಷಗಳ ಬಿಸಿಲು ಮಳೆಗಳನ್ನು ದಾಟಿ ಬಂದಿವೆ. 1892ರಲ್ಲಿ ಬಿ.ಎಲ್. ರೈಸ್ ಅವುಗಳನ್ನು ಗುರುತಿಸಿ ಲೋಕಕ್ಕೆ ತಿಳಿಸಿದರು. ಅಂಥ ಬಂಡೆಯ ಎದುರು ಔಷಧದ ಸೀಸೆಯ ಬಾಯಿಗೆ ಹಾಕುವ ಬಿರಡೆ ಯಾವ ಲೆಕ್ಕ? ಉಗುರಿನಿಂದ ಒತ್ತಿದರೂ ತಗ್ಗುವ ವಸ್ತು ಅದು.

ಆದರೆ ಅಡುಗೆಮನೆಯ ಚಾಕು ತೆಗೆದುಕೊಂಡು ಒಂದು ಬಿರಡೆಯನ್ನು ಅಡ್ಡಲಾಗಿ ಕತ್ತರಿಸಿ ನೋಡಿ. ಚಾಕು ಇಳಿಯುವ ಮೊದಲೇ ಬಿರಡೆ ಅಮುಕಿಕೊಳ್ಳುತ್ತದೆ. ಇನ್ನಷ್ಟು ಒತ್ತಿದರೆ ಓರೆಯಾಗಿ ಹರಿಯುತ್ತದೆ. ಅಂಚಿನಲ್ಲಿ ರವೆಯಂಥ ಪುಡಿ ಉದುರುತ್ತದೆ. ಎರಡು ತುಂಡುಗಳನ್ನು ಮತ್ತೆ ಜೋಡಿಸಿ ಬೆಳಕಿಗೆ ಹಿಡಿದರೆ ನಡುವೆ ಸಂದು ಕಾಣುತ್ತದೆ. ಕಲ್ಲಿಗೆ ಮುಖ್ಯವಾಗಿ ಬೇಕಾದದ್ದು ಪೆಟ್ಟು. ಕಾರ್ಕಿಗೆ ಬೇಕಾದದ್ದು ಹರಿತ ಮತ್ತು ತಾಳ್ಮೆ.

ಈ ಸಣ್ಣ ಸಂಗತಿಯನ್ನು ಬಹಳ ದೊಡ್ಡದಾಗಿ ಪರಿಗಣಿಸುವ ಒಂದು ವರ್ಗದ ಜನರಿದ್ದಾರೆ. ತಮ್ಮ ಗಾಳದ ಕೋಲನ್ನು ಅಂಗಡಿಯಲ್ಲಿ ಕೊಳ್ಳದೆ ತಾವೇ ಕೈಯಾರೆ ಕಟ್ಟಿಕೊಳ್ಳುವ ಹವ್ಯಾಸಿಗಳು. ಅವರ ಕೋಲಿನ ಹಿಡಿ ಕಾರ್ಕಿನದು. ಆ ಹಿಡಿಯಲ್ಲಿ ಸಂದು ಉಳಿದರೆ ಇಡೀ ಶ್ರಮ ನೀರುಪಾಲು.

ಹಳ್ಳಿಯ ಕೋಲು, ಹೊಳೆಯ ಕೋಲು

ಮೊಳಕಾಲ್ಮೂರು, ಚಳ್ಳಕೆರೆಗಳು ಬಯಲುಸೀಮೆ. ಇಲ್ಲಿ ನೀರು ಅಪರೂಪ. ಆದರೂ ಒಳ್ಳೆಯ ಮಳೆಯಾಗಿ ಕೆರೆಕಟ್ಟೆಗಳಿಗೆ ನೀರು ಬಂದರೆ ಹುಡುಗರಿಗೆ ಗಾಳದ ನೆನಪಾಗುತ್ತದೆ. ಅವರ ಸಲಕರಣೆ ಸರಳ: ಒಂದು ಬಿದಿರ ಗಳು, ತುದಿಗೆ ಕಟ್ಟಿದ ದಾರ, ಕೊಕ್ಕೆ, ಎರೆಹುಳು, ನೀರಿನ ಮೇಲೆ ತೇಲಲು ಒಂದು ಬೆಂಡು. ಈ ಬೆಂಡು ಎಷ್ಟೋ ಸಲ ಒಣಗಿದ ಜೋಳದ ದಂಟಿನ ಒಳತಿರುಳು. ಬಿದಿರ ಗಳುವಿಗೆ ಬೇರೆ ಹಿಡಿ ಬೇಕಿಲ್ಲ, ಬುಡವೇ ಹಿಡಿ.

ಹೊಳೆಯ ದೊಡ್ಡ ಮೀನಿಗೆ ಗಾಳ ಹಾಕುವವರ ಕೋಲಿನ ಕಥೆ ಬೇರೆ. ಅದರಲ್ಲಿ ದಾರ ಸುತ್ತುವ ರೀಲು ಇರುತ್ತದೆ, ದಾರ ಹಾಯಲು ಉಂಗುರಗಳ ಸಾಲು ಇರುತ್ತದೆ, ಗಂಟೆಗಟ್ಟಲೆ ಹಿಡಿದು ನಿಲ್ಲಲು ಹಿಡಿ ಇರುತ್ತದೆ. ಕರ್ನಾಟಕದಲ್ಲಿ ಈ ಹವ್ಯಾಸಕ್ಕೆ ಹಳೆಯ ಇತಿಹಾಸವಿದೆ. ದಕ್ಷಿಣ ಕನ್ನಡದಲ್ಲಿ ಕಲೆಕ್ಟರ್ ಆಗಿದ್ದ ಎಚ್.ಎಸ್. ಥಾಮಸ್ ಭಾರತದ ಗಾಳದ ಬೇಟೆಯ ಬಗ್ಗೆ ಬರೆದ ಪುಸ್ತಕ 1873ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಮೈಸೂರಿನ ಪ್ರಸಿದ್ಧ ವ್ಯಾನ್ ಇಂಗೆನ್ ಕುಟುಂಬದ ಡಿ ವೆಟ್ ವ್ಯಾನ್ ಇಂಗೆನ್ 1946ರಲ್ಲಿ ಹಿಡಿದ ಮಹಶೀರ್ 120 ಪೌಂಡ್, ಅಂದರೆ ಸುಮಾರು 54 ಕಿಲೋ ತೂಗಿತ್ತು. ಕನ್ನಡದಲ್ಲಿ ಬಿಳಿಮೀನು ಎಂದು ಹೆಸರಾದ ಈ ಮೀನು ಕಾವೇರಿ ಕಣಿವೆಯ ಹೆಮ್ಮೆ.

ಐವತ್ತು ಕಿಲೋ ತೂಕದ ಮೀನು ಹರಿಯುವ ನೀರಿನಲ್ಲಿ ಎಳೆದರೆ ಆ ಎಳೆತವೆಲ್ಲ ಬಂದು ನಿಲ್ಲುವುದು ಹಿಡಿಯ ಮೇಲೆ. ಹಿಡಿ ಜಾರಬಾರದು, ಕೋಲಿನ ಮೇಲೆ ತಿರುಗಬಾರದು, ಕೈಗೆ ಭಾರವಾಗಬಾರದು. ಇಷ್ಟನ್ನೂ ಒಟ್ಟಿಗೆ ಕೊಡುವ ವಸ್ತುಗಳು ಕಡಿಮೆ. ಕಾರ್ಕು ಹಗುರ, ನೀರಿನಲ್ಲಿ ತೇಲುತ್ತದೆ, ನೀರನ್ನು ಸುಲಭವಾಗಿ ಹೀರುವುದಿಲ್ಲ. ಒದ್ದೆ ಕೈಯಲ್ಲೂ ಜಾರುವುದಿಲ್ಲ. ಮುಂಜಾನೆಯ ಚಳಿಯಲ್ಲಿ ಲೋಹದ ಹಾಗೆ ಕೈಯನ್ನು ಕೊರೆಯುವುದಿಲ್ಲ. ಆದ್ದರಿಂದಲೇ ಕೋಲು ಬಿದಿರಿನಿಂದ ಗಾಜಿನ ನಾರಿಗೆ, ಅಲ್ಲಿಂದ ಕಾರ್ಬನ್ ನಾರಿಗೆ ಬದಲಾದರೂ ಎಷ್ಟೋ ಜನ ಇಂದಿಗೂ ಕಾರ್ಕಿನ ಹಿಡಿಯನ್ನೇ ಮೆಚ್ಚುತ್ತಾರೆ.

ಮೊಳಕಾಲ್ಮೂರಿನವರಿಗೆ ಹತ್ತಿರವಾದ ಇನ್ನೊಂದು ವಸ್ತುವೂ ಈ ಕೋಲಿನಲ್ಲಿದೆ. ಅದು ರೇಷ್ಮೆ. 1938ರಲ್ಲಿ ನೈಲಾನ್ ಬೆಳಕಿಗೆ ಬರುವ ಮೊದಲು ಒಳ್ಳೆಯ ಗಾಳದ ದಾರವೆಂದರೆ ಎಣ್ಣೆ ಹಚ್ಚಿ ಹದ ಮಾಡಿದ ರೇಷ್ಮೆ ದಾರ. ಕೋಲಿನ ಉಂಗುರಗಳನ್ನು ಕಟ್ಟುತ್ತಿದ್ದುದೂ ರೇಷ್ಮೆ ನೂಲಿನಿಂದಲೇ. ಬಿದಿರಿನ ಕೋಲು ಕಟ್ಟುವ ಕೆಲವರು ಈಗಲೂ ಆ ಪದ್ಧತಿ ಬಿಟ್ಟಿಲ್ಲ. ನೂಲನ್ನು ಸುತ್ತಿನ ಪಕ್ಕಕ್ಕೆ ಸುತ್ತು ತಾಗುವಂತೆ ಬಿಗಿಯಾಗಿ ಸುತ್ತಿ, ಕೊನೆಯ ಎಳೆಯನ್ನು ಸುತ್ತುಗಳ ಅಡಿಯಲ್ಲಿ ಎಳೆದು, ಹೊಸ ಬ್ಲೇಡಿನಿಂದ ಬುಡಕ್ಕೆ ಸರಿಯಾಗಿ ಕತ್ತರಿಸುತ್ತಾರೆ. ಬ್ಲೇಡು ಮೊಂಡಾಗಿದ್ದರೆ ಎಳೆ ತುಂಡಾಗದೆ ಕುಚ್ಚಿನಂತೆ ಬಿಡಿಸಿಕೊಳ್ಳುತ್ತದೆ. ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಮೊಳಕಾಲ್ಮೂರು ಸೀರೆಯನ್ನು ಮಗ್ಗದಲ್ಲಿ ನೇಯುವವರಿಗೆ ಈ ಮಾತು ವಿವರಿಸಿ ಹೇಳಬೇಕಾಗಿಲ್ಲ. ರೇಷ್ಮೆಯ ಹಾಗೆಯೇ ಕಾರ್ಕಿಗೂ ಮೊಂಡು ಅಲಗು ಆಗುವುದಿಲ್ಲ.

ಕೊಡಲಿಯಿಂದಲೇ ಶುರು

ಕಾರ್ಕು ಒಂದು ಮರದ ತೊಗಟೆ. ಕ್ವೆರ್ಕಸ್ ಸೂಬರ್ ಎಂಬ ಈ ಓಕ್ ಜಾತಿಯ ಮರ ಬೆಳೆಯುವುದು ಪಶ್ಚಿಮ ಮೆಡಿಟರೇನಿಯನ್ ನಾಡುಗಳಲ್ಲಿ. ಜಗತ್ತಿನ ಕಾರ್ಕಿನಲ್ಲಿ ಸುಮಾರು ಅರ್ಧದಷ್ಟು ಪೋರ್ಚುಗಲ್ ಒಂದರಿಂದಲೇ ಬರುತ್ತದೆ. ಮರವನ್ನು ಕಡಿಯುವುದಿಲ್ಲ, ತೊಗಟೆಯನ್ನು ಮಾತ್ರ ಸುಲಿಯುತ್ತಾರೆ. ತೊಗಟೆ ಮತ್ತೆ ಬೆಳೆಯುತ್ತದೆ.

ಆದರೆ ಅದಕ್ಕೆ ಹಿಡಿಯುವ ಕಾಲ ಕೇಳಿದರೆ ಆಶ್ಚರ್ಯವಾಗುತ್ತದೆ. ಸಸಿ ನೆಟ್ಟ ಮೇಲೆ ಮೊದಲ ಸುಲಿತಕ್ಕೆ ಸುಮಾರು 25 ವರ್ಷ ಕಾಯಬೇಕು. ಆಮೇಲೆ ಪ್ರತಿ 9 ವರ್ಷಕ್ಕೊಮ್ಮೆ ಸುಲಿಯಬಹುದು. ಮೊದಲ ಎರಡು ಸುಲಿತದ ತೊಗಟೆ ಒರಟು; ಒಳ್ಳೆಯ ಬಿರಡೆಗೆ ಬರುವುದಿಲ್ಲ. ಮೂರನೆಯ ಸುಲಿತದ ಹೊತ್ತಿಗೆ ಮರಕ್ಕೆ ನಲವತ್ತು ದಾಟಿರುತ್ತದೆ. ಅಪ್ಪ ನೆಟ್ಟ ಮರದ ಒಳ್ಳೆಯ ಫಲ ಮಗನ ಕಾಲಕ್ಕೆ. ಸುಲಿದ ವರ್ಷದ ಕೊನೆಯ ಅಂಕಿಯನ್ನು ಬಣ್ಣದಲ್ಲಿ ಮರದ ಮೇಲೆ ಬರೆದಿಡುವುದು ಅಲ್ಲಿನ ರೂಢಿ. ಮುಂದಿನ ಸರದಿ ಯಾವಾಗ ಎಂದು ಮರವೇ ಹೇಳುತ್ತದೆ.

ಸುಲಿಯುವವನ ಕೈಯಲ್ಲಿರುವುದು ಹರಿತವಾದ ಕೊಡಲಿ. ಅವನ ಪೆಟ್ಟು ಕಾರ್ಕಿನ ಪದರವನ್ನು ಪೂರ್ತಿ ಸೀಳಬೇಕು, ಅದರ ಒಳಗಿನ ಜೀವಂತ ಪದರಕ್ಕೆ ತಾಗಬಾರದು. ತಾಗಿದರೆ ಅಲ್ಲಿ ಮರಕ್ಕೆ ಗಾಯವಾಗಿ ಮುಂದೆ ತೊಗಟೆ ಸರಿಯಾಗಿ ಬೆಳೆಯುವುದಿಲ್ಲ. ಯಂತ್ರಗಳು ಬಂದ ಮೇಲೂ ಈ ಕೆಲಸದಲ್ಲಿ ಅನುಭವಿಯ ಕೈಗೆ ಬೆಲೆ ಕಡಿಮೆಯಾಗಿಲ್ಲ. ಹೀಗೆ ಕಾರ್ಕನ್ನು ನಾಜೂಕಾಗಿ ಕತ್ತರಿಸುವ ಕಲೆ ಮರದ ಬುಡದಲ್ಲೇ ಶುರುವಾಗುತ್ತದೆ. ಸುಲಿದ ಹಲಗೆಗಳನ್ನು ಒಣಗಿಸಿ, ಕುದಿಯುವ ನೀರಿನಲ್ಲಿ ಬೇಯಿಸಿ ಮೆದು ಮಾಡಿ ಚಪ್ಪಟೆಗೊಳಿಸುತ್ತಾರೆ. ಬಿರಡೆ, ಬಿಲ್ಲೆಗಳೆಲ್ಲ ತಯಾರಾಗುವುದು ಆಮೇಲೆ.

ನಮ್ಮಲ್ಲೂ ಬಿರಡೆಯ ಹೆಸರು ಹೊತ್ತ ಮರ ಒಂದಿದೆ. ರಾತ್ರಿ ಘಮಘಮಿಸುವ ಬಿಳಿ ಹೂವುಗಳನ್ನು ನೆಲಕ್ಕೆ ಚೆಲ್ಲುವ ಆಕಾಶಮಲ್ಲಿಗೆಗೆ ಬಿರಟೆ ಮರ ಎಂಬ ಹೆಸರೂ ಉಂಟು. ಅದರ ತೊಗಟೆಯಿಂದ ಕೆಳದರ್ಜೆಯ ಕಾರ್ಕು ಮಾಡುತ್ತಿದ್ದರು. ಓಕ್ ಕಾರ್ಕಿನ ಗುಣ ಅದಕ್ಕೆ ಬರಲಿಲ್ಲ. ಹೂವಿನಿಂದಾಗಿಯೇ ಅದು ಬೀದಿ ಬದಿಯಲ್ಲಿ ಉಳಿದುಕೊಂಡಿತು.

ಪುಡಿಯಾಗುವುದು ಏಕೆ?

ಕಾರ್ಕು ಹರಿಯುವುದಕ್ಕೆ ಕಾರಣ ಅದರ ಒಳರಚನೆ. ಒಂದು ಘನ ಸೆಂಟಿಮೀಟರ್ ಕಾರ್ಕಿನಲ್ಲಿ, ಅಂದರೆ ಲೂಡೋ ಆಟದ ಸಣ್ಣ ದಾಳದಷ್ಟು ತುಂಡಿನಲ್ಲಿ, ಸುಮಾರು ನಾಲ್ಕು ಕೋಟಿ ಕೋಶಗಳಿವೆ. ಪ್ರತಿ ಕೋಶವೂ ಗಾಳಿ ತುಂಬಿದ ಮುಚ್ಚಿದ ಪೆಟ್ಟಿಗೆ. ಪೆಟ್ಟಿಗೆಯ ಗೋಡೆಯ ದಪ್ಪ ಮಿಲಿಮೀಟರಿನ ಸಾವಿರದಲ್ಲಿ ಒಂದೆರಡು ಭಾಗ ಮಾತ್ರ. ಗೋಡೆಯಲ್ಲಿ ಸೂಬರಿನ್ ಎಂಬ ಮೇಣದಂಥ ವಸ್ತು ಇರುವುದರಿಂದ ನೀರು ಒಳಗೆ ನುಗ್ಗುವುದಿಲ್ಲ.

ಈಗ ಚಾಕುವಿನ ಅಂಚನ್ನು ನೋಡೋಣ. ಮೊಂಡಾದ ಚಾಕುವಿನ ಅಂಚು ಕಣ್ಣಿಗೆ ಸಣ್ಣಗೆ ಕಂಡರೂ ಸೂಕ್ಷ್ಮದರ್ಶಕದಲ್ಲಿ ಕೋಶದಷ್ಟೇ ಅಗಲವಾಗಿರಬಹುದು. ಅದು ಗೋಡೆಯನ್ನು ಸೀಳುವ ಬದಲು ಪೆಟ್ಟಿಗೆಯನ್ನೇ ಒಟ್ಟಾಗಿ ಒತ್ತುತ್ತದೆ. ಪೆಟ್ಟಿಗೆಗಳು ಸ್ಪ್ರಿಂಗಿನಂತೆ ಮಡಿಸಿಕೊಳ್ಳುತ್ತವೆ. ಒತ್ತಡ ತಾಳಲಾರದಾದಾಗ ಎಲ್ಲಿ ದುರ್ಬಲವೋ ಅಲ್ಲಿ ಹರಿಯುತ್ತವೆ. ಚಾಕು ಹೋಗಬೇಕಾದ ಗೆರೆ ಒಂದು, ಹರಿದ ದಾರಿ ಇನ್ನೊಂದು. ಹೊಸ ಬ್ಲೇಡಿನ ಅಂಚಾದರೋ ಕೋಶದ ಗೋಡೆಗಿಂತ ಸಣ್ಣದು. ಅದು ಒತ್ತುವ ಮೊದಲೇ ಸೀಳಿ ಮುಂದೆ ಹೋಗುತ್ತದೆ.

ಪ್ರೌಢಶಾಲೆಯ ವಿದ್ಯಾರ್ಥಿಗಳು ಓದುವ ‘ಒತ್ತಡ ಎಂದರೆ ಬಲವನ್ನು ವಿಸ್ತೀರ್ಣದಿಂದ ಭಾಗಿಸಿದ್ದು’ ಎಂಬ ಸೂತ್ರ ಇಲ್ಲಿ ಕಣ್ಣಿಗೆ ಕಾಣುತ್ತದೆ. ಅಂಚಿನ ವಿಸ್ತೀರ್ಣ ಕಡಿಮೆಯಾದಷ್ಟೂ ಸ್ವಲ್ಪ ಬಲದಿಂದಲೇ ಕೆಲಸವಾಗುತ್ತದೆ. ಮಾಗಿದ ಟೊಮೆಟೊವನ್ನು ಮೊಂಡು ಚಾಕುವಿನಿಂದ ಕೊಯ್ದು ರಸ ಚೆಲ್ಲಿಕೊಂಡ ಪ್ರತಿ ತಾಯಿಗೂ ಇದು ಗೊತ್ತು. ಈಳಿಗೆ ಮಣೆಯಲ್ಲಿ ಹಣ್ಣನ್ನು ಒತ್ತುವುದಿಲ್ಲ, ಎಳೆಯುತ್ತಾರೆ. ಕಾರ್ಕಿಗೂ ಅದೇ ನಿಯಮ: ಒತ್ತಬೇಡಿ, ಎಳೆಯಿರಿ.

ಗರಗಸದ ತೊಂದರೆ ಬೇರೆ ಬಗೆಯದು. ಅದರ ದೊಡ್ಡ ಹಲ್ಲುಗಳು ಕೊಕ್ಕೆಯಂತೆ ಕೋಶಗಳ ಗುಂಪನ್ನೇ ಕಿತ್ತು ತೆಗೆಯುತ್ತವೆ. ತುಂಡಿನ ಒಳಭಾಗದಲ್ಲಿ ಅಕ್ಕಪಕ್ಕದ ಕೋಶಗಳ ಆಸರೆ ಇರುತ್ತದೆ. ಹಲ್ಲು ಹೊರಗೆ ಬರುವ ಕೊನೆಯ ಅಂಚಿನಲ್ಲಿ ಆಸರೆ ಇಲ್ಲ. ಚೂರು ಕಿತ್ತುಬರುವುದು ಹೆಚ್ಚಾಗಿ ಅಲ್ಲೇ.

ಒಂದು ಚಾಕು ತೆರೆದ ಬಾಗಿಲು

ಕಾರ್ಕನ್ನು ನಾಜೂಕಾಗಿ ಕತ್ತರಿಸಿದ್ದರಿಂದ ಜೀವವಿಜ್ಞಾನದ ಒಂದು ದೊಡ್ಡ ಅಧ್ಯಾಯವೇ ತೆರೆಯಿತು. ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಪ್ರಯೋಗಗಳ ಉಸ್ತುವಾರಿ ವಹಿಸಿದ್ದ ರಾಬರ್ಟ್ ಹುಕ್ 1665ರಲ್ಲಿ ‘ಮೈಕ್ರೋಗ್ರಾಫಿಯಾ’ ಎಂಬ ಗ್ರಂಥ ಪ್ರಕಟಿಸಿದ. ಆಗ ಅವನಿಗೆ ಇನ್ನೂ ಮೂವತ್ತು ತುಂಬಿರಲಿಲ್ಲ. ಹುಕ್ ಮೊದಲು ಮಾಡಿದ ಕೆಲಸ ತನ್ನ ಸಣ್ಣ ಚಾಕುವನ್ನು ಕ್ಷೌರದ ಕತ್ತಿಯಷ್ಟು ಹರಿತ ಮಾಡಿಕೊಂಡದ್ದು. ಅದರಿಂದ ಕಾರ್ಕಿನ ತುಂಡಿನ ಮೇಲ್ಮೈಯನ್ನು ನುಣುಪಾಗಿ ಕತ್ತರಿಸಿದ. ಆ ನುಣುಪು ಮೇಲ್ಮೈಯಲ್ಲಿ ಸಣ್ಣ ತೂತುಗಳು ಇದ್ದ ಹಾಗೆ ಅನುಮಾನ ಬಂತು. ಮತ್ತೆ ಬಹಳ ತೆಳ್ಳನೆಯ ಒಂದು ಪದರ ಸುಲಿದು, ಬಿಳಿಯ ಪದರ ಎದ್ದು ಕಾಣಲೆಂದು ಕಪ್ಪು ಫಲಕದ ಮೇಲಿಟ್ಟು ನೋಡಿದ. ಜೇನುಗೂಡಿನಂಥ ಕೋಣೆಗಳು ಕಂಡವು. ಅವಕ್ಕೆ ‘ಸೆಲ್’ ಎಂದು ಹೆಸರಿಟ್ಟ. ಇಂದು ಪಠ್ಯಪುಸ್ತಕಗಳಲ್ಲಿ ಜೀವಕೋಶ ಎಂದು ಓದುವುದು ಆ ಪದದಿಂದ ಬಂದದ್ದು.

ಅವನ ಲೆಕ್ಕವನ್ನು ವಿದ್ಯಾರ್ಥಿಗಳು ತಾವೇ ಮಾಡಿ ನೋಡಬಹುದು. ಒಂದು ಅಂಗುಲದ 18ನೇ ಒಂದು ಭಾಗದಲ್ಲಿ ಸುಮಾರು 60 ಕೋಣೆಗಳು ಸಾಲಾಗಿ ಎಣಿಕೆಗೆ ಸಿಕ್ಕವು. ಹಾಗಾದರೆ ಒಂದು ಅಂಗುಲಕ್ಕೆ 60 × 18 = 1,080. ಒಂದು ಚದರ ಅಂಗುಲಕ್ಕೆ 1,080 × 1,080 = 11,66,400. ಒಂದು ಘನ ಅಂಗುಲಕ್ಕೆ ಅದನ್ನು ಮತ್ತೆ 1,080ರಿಂದ ಗುಣಿಸಿದರೆ 125 ಕೋಟಿಗೂ ಹೆಚ್ಚು. ಒಂದು ಘನ ಅಂಗುಲವೆಂದರೆ ಸುಮಾರು 16.4 ಘನ ಸೆಂಟಿಮೀಟರ್. ಭಾಗಿಸಿದರೆ ಘನ ಸೆಂಟಿಮೀಟರಿಗೆ ಏಳೂವರೆ ಕೋಟಿಗೆ ಸ್ವಲ್ಪ ಹೆಚ್ಚು ಬರುತ್ತದೆ. ಇಂದಿನ ಅಂದಾಜು ನಾಲ್ಕು ಕೋಟಿಯ ಆಸುಪಾಸು. ಮುನ್ನೂರೈವತ್ತಕ್ಕೂ ಹೆಚ್ಚು ವರ್ಷಗಳ ಹಿಂದೆ ಒಂದು ಚಾಕು ಮತ್ತು ಒಂದು ಸೂಕ್ಷ್ಮದರ್ಶಕ ಹಿಡಿದವನಿಗೆ ಇಷ್ಟು ಹತ್ತಿರದ ಉತ್ತರ ಸಿಕ್ಕಿದ್ದು ಸಾಮಾನ್ಯವೇ? ಚಾಕು ಮೊಂಡಾಗಿದ್ದರೆ ಅವನಿಗೆ ಕಾಣುತ್ತಿದ್ದುದು ಹರಿದ ಚಿಂದಿ ಮಾತ್ರ.

ಹಿಡಿ ಕಟ್ಟುವ ಕ್ರಮ

ಗಾಳದ ಕೋಲು ಕಟ್ಟುವವರು ಹಿಡಿಯನ್ನು ಒಂದೇ ತುಂಡಿನಲ್ಲಿ ಮಾಡುವುದು ಕಡಿಮೆ. ಬಳೆಯಂಥ ಕಾರ್ಕು ಬಿಲ್ಲೆಗಳನ್ನು ಪೋಣಿಸಿ ಅಂಟಿಸುತ್ತಾರೆ. ಸಾಮಾನ್ಯ ಬಿಲ್ಲೆಯ ಅಗಲ ಸುಮಾರು 32 ಮಿಲಿಮೀಟರ್, ದಪ್ಪ ಅರ್ಧ ಅಂಗುಲ, ನಡುವಿನ ತೂತು ಸುಮಾರು 6 ಮಿಲಿಮೀಟರ್. ಏಳು ಅಂಗುಲದ ಹಿಡಿಗೆ ಹದಿನಾಲ್ಕು ಬಿಲ್ಲೆ ಬೇಕು.

ಮೊದಲ ಕೆಲಸ ಆರಿಸುವುದು. ಕಾರ್ಕಿನಲ್ಲಿ ಕಂದು ಬಣ್ಣದ ಸಣ್ಣ ಕುಳಿಗಳಿರುತ್ತವೆ. ಮರ ಉಸಿರಾಡಿದ ದಾರಿಗಳು ಅವು. ಕುಳಿ ಕಡಿಮೆ ಇರುವ ಬಿಲ್ಲೆ ಕೈ ಬೀಳುವ ಜಾಗಕ್ಕೆ, ಉಳಿದವು ಬೇರೆ ಕಡೆಗೆ. ಜೋಡಿಸುವ ಕ್ರಮದಲ್ಲಿ ಪ್ರತಿ ಬಿಲ್ಲೆಗೂ ಪೆನ್ಸಿಲಿನಿಂದ ಸಂಖ್ಯೆ ಬರೆಯಬೇಕು. ಕಾರಣ, ಕೋಲು ಬುಡದಿಂದ ತುದಿಗೆ ಸಣ್ಣದಾಗುತ್ತ ಹೋಗುತ್ತದೆ; ಒಂದು ಬಿಲ್ಲೆಯ ತೂತಿನ ಅಳತೆ ಇನ್ನೊಂದಕ್ಕೆ ಹೊಂದುವುದಿಲ್ಲ.

ಎರಡನೆಯದು ತೂತು ದೊಡ್ಡದು ಮಾಡುವುದು. ಇಲ್ಲಿ ಅವಸರಪಡುವವರು ಡ್ರಿಲ್ಲಿನ ಬಿಟ್ಟನ್ನು ನುಗ್ಗಿಸಿ ಬಿಲ್ಲೆಯನ್ನೇ ಸೀಳಿಕೊಳ್ಳುತ್ತಾರೆ. ತಿಳಿದವರು ದುಂಡನೆಯ ಅರ ಬಳಸುತ್ತಾರೆ. ಇಲ್ಲವೇ ಹಳೆಯ ಕೋಲಿನ ತುಂಡಿಗೆ ಉಪ್ಪುಕಾಗದವನ್ನು, ಅಂದರೆ ಸ್ಯಾಂಡ್ ಪೇಪರನ್ನು, ಸುರುಳಿಯಾಗಿ ಅಂಟಿಸಿ ಅದನ್ನೇ ಸಾಧನ ಮಾಡಿಕೊಳ್ಳುತ್ತಾರೆ. ಸ್ವಲ್ಪ ಸ್ವಲ್ಪವೇ ತಿರುಗಿಸಿ ಎರಡು ಬದಿಯಿಂದಲೂ ಸವೆಸಬೇಕು. ನಡುನಡುವೆ ಕೋಲಿಗೆ ಹಾಕಿ ನೋಡಬೇಕು. ಬಿಗಿಯೂ ಬೇಡ, ಸಡಿಲವೂ ಬೇಡ. ಅಂಟಿಗೆ ಒಂದು ತೆಳ್ಳನೆಯ ಜಾಗ ಉಳಿದರೆ ಸಾಕು.

ಮೂರನೆಯದು ಅಂಟು. ನೀರಿಗೆ ಜಗ್ಗದ ಅಂಟು ಬೇಕು. ಎರಡು ಟ್ಯೂಬುಗಳಲ್ಲಿ ಬರುವ ಅರಾಲ್ಡೈಟಿನಂಥದ್ದು ಒಳ್ಳೆಯದು. ತೆಳ್ಳಗೆ ಹಚ್ಚಿ, ಬಿಲ್ಲೆಗಳು ಒಂದನ್ನೊಂದು ಅಪ್ಪುವಂತೆ ಎರಡು ಕಡೆಯಿಂದ ಒತ್ತಿ ಕಟ್ಟಿ ಒಂದು ದಿನ ಬಿಡಬೇಕು. ಬಿಲ್ಲೆಯ ಮುಖ ಸಮವಾಗಿದ್ದರೆ ಸಂದು ಗೆರೆಯಷ್ಟೇ ಕಾಣುತ್ತದೆ. ಓರೆಯಾಗಿದ್ದರೆ ಅಂಟು ಸಂದು ತುಂಬಿ ಗಟ್ಟಿಯಾಗುತ್ತದೆ. ಆಮೇಲೆ ಉಜ್ಜಿದಾಗ ಕಾರ್ಕು ಸವೆದು ಅಂಟು ಏಣಿನಂತೆ ಎದ್ದು ನಿಂತು ಕೈಗೆ ಚುಚ್ಚುತ್ತದೆ.

ನಾಲ್ಕನೆಯದು ತುದಿ ಕತ್ತರಿಸುವುದು. ನಿಜವಾದ ಪರೀಕ್ಷೆ ಇಲ್ಲಿದೆ. ಕತ್ತರಿಸುವ ಜಾಗಕ್ಕೆ ಸುತ್ತಲೂ ಕಾಗದದ ಟೇಪು ಅಂಟಿಸಿ ಅದರ ಮೇಲೆ ಗೆರೆ ಎಳೆಯಬೇಕು. ಟೇಪು ಅಂಚಿನ ಕೋಶಗಳಿಗೆ ಆಸರೆ ಕೊಡುತ್ತದೆ. ಹೊಸ ಬ್ಲೇಡನ್ನು ಗೆರೆಯ ಮೇಲಿಟ್ಟು ಹಿಡಿಯನ್ನು ನಿಧಾನವಾಗಿ ಉರುಳಿಸಬೇಕು. ಮೊದಲ ಸುತ್ತು ಗೀರು ಮಾತ್ರ. ಎರಡನೆಯದು ಸ್ವಲ್ಪ ಆಳ. ಹೀಗೆ ಐದಾರು ಸುತ್ತಿನಲ್ಲಿ ಸುತ್ತಲೂ ಒಂದು ನೇರವಾದ ಕಾಲುವೆ ಆಗುತ್ತದೆ. ಒಳಗೆ ಉಳಿದದ್ದನ್ನು ಸಣ್ಣ ಹಲ್ಲಿನ ಗರಗಸದಿಂದ ಮುಗಿಸಬಹುದು. ಕಿತ್ತರೂ ಕಿತ್ತುಬರುವುದು ಒಳಗೆ. ಕಣ್ಣಿಗೆ ಬೀಳುವ ಅಂಚು ಬ್ಲೇಡಿನದು.

ಐದನೆಯದು ರೀಲು ಕೂರಿಸುವ ಪೀಠದ ತುದಿ ಹಿಡಿಯೊಳಗೆ ಸೇರಲು ಗುಂಡನೆಯ ಕುಳಿ ತೆಗೆಯುವುದು. ಇದಕ್ಕೆ ಬೇಕಾದ ಅಳತೆಯ ಲೋಹದ ಕೊಳವೆಯ ಬಾಯನ್ನು ಒಳಬದಿಯಿಂದ ಅರದಲ್ಲಿ ಉಜ್ಜಿ ಹರಿತ ಮಾಡಿಕೊಳ್ಳುವುದು ಸುಲಭದ ಉಪಾಯ. ಕೊಳವೆಯ ಹೊರಮೈಗೆ ಟೇಪು ಸುತ್ತಿ ಎಷ್ಟು ಆಳ ಎಂಬ ಗುರುತು ಮಾಡಬೇಕು. ಕೈಯಿಂದಲೇ ತಿರುಗಿಸುತ್ತ ಇಳಿಸಬೇಕು. ಕುಳಿಯ ಗೋಡೆ ಕೊರೆದಂತೆ ನೇರವಾಗಿ ಬರುತ್ತದೆ. ಒಳಗಿನ ತಿರುಳನ್ನು ಆಮೇಲೆ ಸಣ್ಣ ಉಳಿಯಿಂದ ಬಿಡಿಸಿ ತೆಗೆದರಾಯಿತು.

ಕೊನೆಯದು ಆಕಾರ ಕೊಡುವುದು. ಲೇತು ಇದ್ದರೆ ಲೇತಿನಲ್ಲಿ, ಇಲ್ಲವಾದರೆ ಬಿಗಿದು ಕೂರಿಸಿದ ಡ್ರಿಲ್ಲಿನಲ್ಲಿ ಹಿಡಿಯನ್ನು ತಿರುಗಿಸಿ ಉಪ್ಪುಕಾಗದದ ಪಟ್ಟಿ ಹಿಡಿಯುತ್ತಾರೆ. ಮೊದಲು 80ನೇ ನಂಬರಿನ ಒರಟು ಕಾಗದ, ಆಮೇಲೆ 120, 220, ಕೊನೆಗೆ 400. ಉಳಿ ತಾಗಿಸಿದರೆ ಕಾರ್ಕು ಚೂರಾಗಿ ಹಾರುತ್ತದೆ. ಉದುರಿದ ಪುಡಿಯನ್ನು ಎಸೆಯುವುದಿಲ್ಲ. ಅಂಟಿನಲ್ಲಿ ಕಲಸಿ ಕುಳಿಗಳಿಗೆ ತುಂಬಿ ಮತ್ತೆ ಉಜ್ಜುತ್ತಾರೆ. ಮೂಗು ಬಾಯಿಗೆ ಬಟ್ಟೆ ಅಥವಾ ಮಾಸ್ಕ್ ಕಟ್ಟಿಕೊಳ್ಳದೆ ಈ ಕೆಲಸ ಮಾಡಬಾರದು. ಬೂಷ್ಟು ಹಿಡಿದ ಕಾರ್ಕಿನ ಧೂಳಿನಿಂದ ಪೋರ್ಚುಗಲ್ಲಿನ ಕಾರ್ಮಿಕರಿಗೆ ಬರುವ ಶ್ವಾಸಕೋಶದ ಕಾಯಿಲೆಗೆ ಸೂಬರೋಸಿಸ್ ಎಂಬ ಹೆಸರೇ ಇದೆ.

ಪ್ರಯೋಗಶಾಲೆಯ ಹಿತ್ತಾಳೆ ಕೊಳವೆ

ಗಾಳದ ಕೋಲಿನವರ ಹರಿತವಾದ ಕೊಳವೆ ರಸಾಯನಶಾಸ್ತ್ರದ ಹಳೆಯ ವಿದ್ಯಾರ್ಥಿಗಳಿಗೆ ಹೊಸದಲ್ಲ. ಕಾರ್ಕ್ ಬೋರರ್ ಎಂಬ ಹಿತ್ತಾಳೆ ಕೊಳವೆಗಳ ಜೋಡಣೆ ಪ್ರಯೋಗಶಾಲೆಗಳಲ್ಲಿ ಇರುತ್ತಿತ್ತು. ಒಂದರೊಳಗೊಂದು ಕೂರುವ ಕೊಳವೆಗಳು. ಗಾಜಿನ ನಳಿಕೆ ತೂರಿಸಲು ಬಿರಡೆಗೆ ತೂತು ಮಾಡುವುದೇ ಒಂದು ಪಾಠ. ಬಿರಡೆಯನ್ನು ಒತ್ತಿ ಉರುಳಿಸಿ ಮೆದು ಮಾಡಬೇಕು. ಕೊಳವೆಯ ಬಾಯನ್ನು ಒದ್ದೆ ಮಾಡಬೇಕು. ಸಣ್ಣ ತುದಿಯಿಂದ ಶುರು ಮಾಡಬೇಕು. ಅರ್ಧ ಇಳಿದ ಮೇಲೆ ತಿರುಗಿಸಿ ಇನ್ನೊಂದು ಬದಿಯಿಂದ ಕೊರೆಯಬೇಕು. ಒಂದೇ ಕಡೆಯಿಂದ ನುಗ್ಗಿಸಿದರೆ ಹೊರಬರುವ ಜಾಗದಲ್ಲಿ ಅಂಚು ಕಿತ್ತುಬರುತ್ತದೆ. ರಬ್ಬರ್ ಬಿರಡೆ, ಉಜ್ಜಿ ಹೊಂದಿಸಿದ ಗಾಜಿನ ಕೀಲುಗಳು ಬಂದ ಮೇಲೆ ಈ ಪಾಠ ಹಿಂದೆ ಸರಿಯಿತು.

ಜೀವವಿಜ್ಞಾನದ ಕೊಠಡಿಯಲ್ಲಿ ಹುಕ್ ಮಾಡಿದ ಕೆಲಸ ಮಾತ್ರ ಇನ್ನೂ ಉಳಿದಿದೆ. ಗಿಡದ ಕಾಂಡವನ್ನು ಆಲೂಗಡ್ಡೆ ಅಥವಾ ಗಜ್ಜರಿಯ ತುಂಡಿನ ನಡುವೆ ಹಿಡಿದು, ಒದ್ದೆ ಬ್ಲೇಡಿನಿಂದ ಒಂದೇ ಎಳೆತಕ್ಕೆ ತೆಳ್ಳನೆಯ ಪದರ ತೆಗೆಯಬೇಕು. ಹತ್ತು ತೆಗೆದರೆ ಒಂದು ಚೆನ್ನಾಗಿ ಬಂದೀತು. ‘ಸೂಕ್ಷ್ಮದರ್ಶಕ ಸರಿಯಿಲ್ಲ, ಏನೂ ಕಾಣುತ್ತಿಲ್ಲ’ ಎನ್ನುವ ವಿದ್ಯಾರ್ಥಿಯ ಪದರವನ್ನು ಪರೀಕ್ಷಿಸಿದರೆ ಅದು ದಪ್ಪವಾಗಿರುತ್ತದೆ. ಕುಣಿಯಲಾರದವಳು ನೆಲ ಡೊಂಕು ಎಂದ ಹಾಗೆ.

ಪಿಯುಸಿ ವಿಜ್ಞಾನ ವಿಷಯಗಳಲ್ಲಿ ಪ್ರಯೋಗಕ್ಕೆ ತಲಾ 30 ಅಂಕಗಳಿವೆ. ಆದರೆ ಪ್ರಯೋಗವನ್ನು ಕೈಯಲ್ಲಿ ಮಾಡುವುದಕ್ಕಿಂತ ರೆಕಾರ್ಡ್ ಪುಸ್ತಕದಲ್ಲಿ ಅಂದವಾಗಿ ಬರೆಯುವುದಕ್ಕೆ ಹೆಚ್ಚು ಹೊತ್ತು ಕಳೆಯುವವರು ಎಷ್ಟು ಮಂದಿ! ಪುಸ್ತಕದ ಚಿತ್ರ ನೋಡಿ ಬರೆದ ಕೋಶಕ್ಕೂ ತಾನೇ ಕೊಯ್ದು ನೋಡಿದ ಕೋಶಕ್ಕೂ ಇರುವ ಅಂತರವನ್ನು ಯಾವ ಅಂಕಪಟ್ಟಿಯೂ ತೋರಿಸುವುದಿಲ್ಲ. ಚಳ್ಳಕೆರೆ ತಾಲ್ಲೂಕಿನ ಕುದಾಪುರದ ಬಳಿ ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೆಯ ಆವರಣವಿದೆ. ಅಲ್ಲಿನ ಟ್ಯಾಲೆಂಟ್ ಡೆವಲಪ್‌ಮೆಂಟ್ ಸೆಂಟರ್ ಶಾಲಾ ಕಾಲೇಜುಗಳ ವಿಜ್ಞಾನ ಶಿಕ್ಷಕರಿಗೆ ಪ್ರಯೋಗಗಳನ್ನು ಮಾಡಿಸಿ ತರಬೇತಿ ಕೊಡುತ್ತ ಬಂದಿದೆ. ಶಿಕ್ಷಕರ ಕೈ ಪಳಗಿದರೆ ಅದು ಮಕ್ಕಳ ಕೈಗೂ ದಾಟಬೇಕಷ್ಟೆ.

ಮನೆಯಲ್ಲೇ ಒಂದು ಪರೀಕ್ಷೆ

ಪೋರ್ಚುಗಲ್ಲಿನ ಕಾರ್ಕು ಎಲ್ಲರಿಗೂ ಸಿಗದು. ಜೋಳದ ದಂಟು ಈ ಸೀಮೆಯ ಹೊಲದ ಬದುವಿನಲ್ಲೇ ಇದೆ. ಒಣಗಿದ ದಂಟಿನ ಸಿಪ್ಪೆ ಸೀಳಿ ತೆಗೆದರೆ ಒಳಗೆ ಬಿಳಿಯ ಬೆಂಡು. ಹಿಂದೆ ಹಳ್ಳಿಯ ಮಕ್ಕಳು ಅದರಿಂದ ಗಾಡಿ, ಎತ್ತು, ಕನ್ನಡಕ ಮಾಡಿ ಸಿಪ್ಪೆಯ ಕಡ್ಡಿಯಿಂದಲೇ ಜೋಡಿಸುತ್ತಿದ್ದರು. ಮದುವೆಯ ಬಾಸಿಂಗಕ್ಕೆ ನೀರುಗಿಡದ ಬೆಂಡನ್ನು ಕಾಗದದಷ್ಟು ತೆಳ್ಳಗೆ ಸುಲಿಯುವ ಕುಶಲಕರ್ಮಿಗಳ ವಿದ್ಯೆಯೂ ಇದೇ ಜಾತಿಯದು.

ಅಂಥ ಒಂದು ಬೆಂಡಿನ ತುಂಡನ್ನು ಹಲಗೆಯ ಮೇಲಿಟ್ಟು ಮೂರು ರೀತಿ ಕತ್ತರಿಸಿ ನೋಡಬಹುದು. ಮೊದಲು ಮೊಂಡು ಚಾಕುವಿನಿಂದ ಒತ್ತಿ. ಎರಡನೆಯದಾಗಿ ಅದೇ ಚಾಕುವನ್ನು ಸಾಣೆಕಲ್ಲಿಗೆ ಉಜ್ಜಿ, ಒತ್ತದೆ ಉದ್ದಕ್ಕೆ ಎಳೆದು. ಮೂರನೆಯದಾಗಿ ಹೊಸ ಬ್ಲೇಡಿನಿಂದ, ತುಂಡನ್ನು ಉರುಳಿಸುತ್ತ. ಮೂರೂ ತುಂಡುಗಳನ್ನು ಕಪ್ಪು ಕಾಗದದ ಮೇಲಿಟ್ಟು ಭೂತಗನ್ನಡಿಯಲ್ಲಿ ನೋಡಿ, ಕಂಡದ್ದನ್ನು ಮಕ್ಕಳು ಬರೆದಿಡಲಿ. ಬ್ಲೇಡಿಗೆ ಹಿಡಿಕೆ ಇರಬೇಕು, ಅಲಗು ಬೆರಳಿನಿಂದ ಆಚೆಗೆ ಸಾಗಬೇಕು, ದೊಡ್ಡವರೊಬ್ಬರು ಪಕ್ಕದಲ್ಲಿ ಕೂತಿರಬೇಕು.

‘ಬ್ಲೇಡು ಮುಟ್ಟಬೇಡ’ ಎನ್ನುವುದು ತಂದೆತಾಯಿಯ ಸಹಜ ಮಾತು. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಮೊಂಡು ಚಾಕು ಹರಿತ ಚಾಕುವಿಗಿಂತ ಸುರಕ್ಷಿತ ಎಂಬ ನಂಬಿಕೆ ಮಾತ್ರ ಸರಿಯಲ್ಲ. ಮೊಂಡು ಚಾಕುವಿಗೆ ಹೆಚ್ಚು ಬಲ ಹಾಕಬೇಕು. ಬಲ ಹಾಕಿದ ಚಾಕು ಜಾರಿದರೆ ಬೆರಳಿಗೇ ಬರುತ್ತದೆ. ಮುಟ್ಟಬೇಡ ಎಂದು ಬಾಯಿ ಮುಚ್ಚಿಸುವ ಬದಲು ಹೀಗೆ ಹಿಡಿ ಎಂದು ತೋರಿಸಿಕೊಟ್ಟರೆ ಮಗು ಬಹುಕಾಲ ನೆನಪಿಡುತ್ತದೆ.

ಉಳಿಯಬೇಕಾದದ್ದು

ಕಾವೇರಿಯ ಗೂನುಬೆನ್ನಿನ ಮಹಶೀರನ್ನು ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟವು 2018ರಲ್ಲಿ ಅಳಿವಿನ ತೀರಾ ಅಂಚಿನಲ್ಲಿರುವ ಪ್ರಭೇದಗಳ ಪಟ್ಟಿಗೆ ಸೇರಿಸಿತು. ಕಾವೇರಿ ವನ್ಯಧಾಮದೊಳಗಿನ ಗಾಳದ ಶಿಬಿರಗಳು ಅದಕ್ಕೂ ಮೊದಲೇ ನಿಂತಿದ್ದವು. 54 ಕಿಲೋ ಮೀನಿನ ಕಾಲ ಮರಳಿ ಬರುವುದೋ ಇಲ್ಲವೋ, ಅದು ಹೊಳೆಯ ಆರೋಗ್ಯಕ್ಕೆ ಬಿಟ್ಟ ಮಾತು. ಈಗಿನ ತಿಳಿವಳಿಕೆಯ ಗಾಳಗಾರರು ಕಾನೂನು ಒಪ್ಪಿದ ಕಡೆ ಮಾತ್ರ ಗಾಳ ಹಾಕುತ್ತಾರೆ, ಹಿಡಿದ ಮೀನನ್ನು ಜೀವಂತ ನೀರಿಗೆ ಬಿಡುತ್ತಾರೆ.

ಆದರೆ ಕೋಲಿನ ಹಿಡಿಯಲ್ಲಿ ಕಲಿತ ವಿದ್ಯೆ ಕೋಲಿಗಷ್ಟೇ ಸೀಮಿತವಲ್ಲ. ಒಂಬತ್ತು ವರ್ಷ ಮರ ಬೆಳೆಸಿಕೊಟ್ಟ ತೊಗಟೆಯನ್ನು ಒಂದು ಒರಟು ಗೀರಿನಲ್ಲಿ ಹಾಳು ಮಾಡಬಾರದು ಎಂಬ ಎಚ್ಚರ, ವಸ್ತುವಿನ ಗುಣ ತಿಳಿದು ಸಾಧನ ಆರಿಸುವ ಜಾಣ್ಮೆ, ಅಲಗನ್ನು ಮೊದಲು ಹರಿತ ಮಾಡಿಕೊಳ್ಳುವ ಶಿಸ್ತು ಶಸ್ತ್ರಚಿಕಿತ್ಸೆ ಮಾಡುವ ವೈದ್ಯನಿಗೂ ಬೇಕು, ಮರಗೆಲಸದವನಿಗೂ ಬೇಕು, ಮಗ್ಗದ ಮುಂದೆ ಕೂತವನಿಗೂ ಬೇಕು. ಈ ವಿದ್ಯೆಗೆ ದುಬಾರಿ ಶುಲ್ಕವಿಲ್ಲ. ಒಂದು ಸಾಣೆಕಲ್ಲು, ಒಂದು ಜೋಳದ ದಂಟು ಮತ್ತು ಪಕ್ಕದಲ್ಲಿ ಕೂರಲು ಬಿಡುವಿರುವ ಒಬ್ಬ ಹಿರಿಯರಿದ್ದರೆ ಇದೇ ಭಾನುವಾರ ಶುರು ಮಾಡಬಹುದು.